ಅರಮನೆಯ ನಗು



ಆಡುವವರಿಗೆ ಆಡಲು ಬಾರದು. ನೋಡುವವರಿಗೆ ನಗು ತಡೆಯದು. ಮಹಾಕವಿ ಷೇಕ್ಸ್‌ಪಿಯರ್ 1595-96ರ ಸುಮಾರಿಗೆ ರಚಿಸಿದ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ಎಂಬ ಹರ್ಷನಾಟಕದ ಕೊನೆಯ ಅಂಕದಲ್ಲಿ ನಡೆಯುವುದು ಇದೇ. ಅಥೆನ್ಸಿನ ಅಧಿಪತಿ ಥೀಸಿಯಸ್‌ನ ವಿವಾಹ ಸಂಭ್ರಮದಲ್ಲಿ ಆರು ಮಂದಿ ಕುಶಲಕರ್ಮಿಗಳು ಪಿರಮಸ್ ಮತ್ತು ಥಿಸ್ಬಿಯರ ದುರಂತ ಪ್ರಣಯಕಥೆಯನ್ನು ಅಭಿನಯಿಸುತ್ತಾರೆ.

ನೇಕಾರ ಬಾಟಮ್ ನಾಯಕ. ಗಡ್ಡ ಮೂಡುತ್ತಿದೆ ಎಂದು ಹಿಂಜರಿದ ತಿದಿ ದುರಸ್ತಿಗಾರ ಫ್ಲೂಟನೇ ನಾಯಕಿ. ಪಾತ್ರೆಗಳಿಗೆ ಬೆಸುಗೆ ಹಾಕುವ ಸ್ನೌಟ್ ಗೋಡೆಯಾದರೆ, ದರ್ಜಿ ಸ್ಟಾರ್ವ್‌ಲಿಂಗ್ ಬೆಳದಿಂಗಳು, ಮರಗೆಲಸದ ಸ್ನಗ್ ಸಿಂಹ. ಬಡಗಿ ಕ್ವಿನ್ಸ್ ಇವರೆಲ್ಲರ ಸೂತ್ರಧಾರ. ಸಿಂಹವನ್ನು ಕಂಡು ಸಭೆಯ ಸ್ತ್ರೀಯರು ಹೆದರಿದರೆ ತಮಗೆಲ್ಲ ನೇಣೇ ಗತಿಯೆಂದು ಅಂಜಿ, 'ನಾನು ಸಿಂಹವಲ್ಲ' ಎಂದು ಸಿಂಹದ ಬಾಯಿಂದಲೇ ಹೇಳಿಸುತ್ತಾರೆ. ಕ್ವಿನ್ಸನಂತೂ ನಿಲ್ಲಿಸಬಾರದ ಕಡೆಗಳಲ್ಲೆಲ್ಲ ನಿಲ್ಲಿಸಿ ಓದಿ, ವಿನಯದ ಪೀಠಿಕೆಯನ್ನು ಅವಮಾನದ ಮಾತಾಗಿಸಿಬಿಡುತ್ತಾನೆ.

ನಾವು ನಗುತ್ತೇವೆ, ನಗಲೇಬೇಕು. ಆದರೆ ನಮ್ಮೊಡನೆ ನಗುತ್ತಿರುವವರು ಯಾರು ಎಂಬುದನ್ನೂ ಗಮನಿಸಬೇಕು. ಗೇಲಿಯ ಮಾತಿನಲ್ಲಿ ಮುಂದಾಗಿರುವವರು ಲೈಸ್ಯಾಂಡರ್ ಮತ್ತು ಡಿಮಿಟ್ರಿಯಸ್. ಹಿಂದಿನ ರಾತ್ರಿ ಕಾಡಿನಲ್ಲಿ, ಕಣ್ಣಿಗೆ ಹಚ್ಚಿದ ಹೂವಿನ ರಸದ ಮಾಯೆಗೆ ಸಿಲುಕಿ, ಇದಕ್ಕಿಂತ ದೊಡ್ಡ ಹಾಸ್ಯನಾಟಕವನ್ನು ತಾವೇ ಆಡಿದವರು ಇವರು. ರಂಗದ ಮೇಲಿನ ಕಥೆಯೂ ಅವರಿಗೆ ಅನ್ಯವಲ್ಲ. ಹಿರಿಯರು ಒಪ್ಪದ ಪ್ರೇಮ, ರಾತ್ರಿಯಲ್ಲಿ ಮನೆ ತೊರೆಯುವ ಸಾಹಸ, ಎದುರಿಗೆ ಮೃತ್ಯು: ಇದು ಲೈಸ್ಯಾಂಡರ್ ಮತ್ತು ಹರ್ಮಿಯಾರ ಕಥೆಯೇ ಅಲ್ಲವೇ? ಅವರ ಪಾಲಿಗೆ ಅದು ಮದುವೆಯಲ್ಲಿ ಮುಗಿಯಿತು. ಪಿರಮಸ್‌ನ ಪಾಲಿಗೆ ಸಾವಿನಲ್ಲಿ ಮುಗಿಯುತ್ತದೆ. ಆದರೂ ಲೈಸ್ಯಾಂಡರ್ ತನ್ನನ್ನು ಅಲ್ಲಿ ಗುರುತಿಸಿಕೊಳ್ಳಲಾರ. ಹರ್ಮಿಯಾ ಮತ್ತು ಹೆಲೆನಾ ಮಾತ್ರ ಈ ಅಂಕದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಅವರು ಗುರುತಿಸಿಕೊಂಡರೇ? ಕವಿ ಹೇಳುವುದಿಲ್ಲ.

ಥೀಸಿಯಸ್‌ನ ವಿಷಯದಲ್ಲಿ ನನಗೊಂದು ಆಕ್ಷೇಪವಿದೆ. ನಾಟಕ ಕಳಪೆಯೆಂದು ಆಸ್ಥಾನದ ಅಧಿಕಾರಿ ಎಚ್ಚರಿಸಿದರೂ, ಸರಳ ಜನರ ಶ್ರದ್ಧೆಯನ್ನು ಮನ್ನಿಸಬೇಕೆಂದು ಅದನ್ನೇ ಆರಿಸಿದವನು ಅವನು. ಮಾತು ದೊಡ್ಡದು. ಆದರೆ ಆಟ ಮೊದಲಾದೊಡನೆ ಅವನೂ ಹಾಸ್ಯಕ್ಕೆ ಇಳಿಯುತ್ತಾನೆ. ಲಾಂದ್ರ ಹಿಡಿದು ಬಂದ ಬಡ ದರ್ಜಿಯನ್ನು ಸಭೆ ಮತ್ತೆ ಮತ್ತೆ ತಡೆಯುತ್ತದೆ. ಕೊನೆಗೆ ಅವನು ಕಲಿತು ಬಂದ ಪದ್ಯವನ್ನು ಕೈಬಿಟ್ಟು, ಲಾಂದ್ರ ಯಾವುದು, ಮುಳ್ಳುಪೊದೆ ಯಾವುದು, ನಾಯಿ ಯಾರದು ಎಂಬುದನ್ನು ಬರಿಯ ಗದ್ಯದಲ್ಲಿ ಒಪ್ಪಿಸಿ ಮುಗಿಸುತ್ತಾನೆ. ಈ ನಗುವಿನ ಬೆಲೆ ತೆತ್ತವನು ಅವನು. ಇದು ಹುಚ್ಚಾಟವೆಂದು ಬೇಸರಿಸಿದ ರಾಣಿ ಹಿಪ್ಪೊಲಿಟಾಳೇ ಪಿರಮಸ್‌ನ ಗೋಳನ್ನು ಕಂಡು ಮರುಗುತ್ತಾಳೆ. ಉದಾರತೆಯನ್ನು ನುಡಿದವನು ಅರಸ. ಕರುಣೆ ಹುಟ್ಟಿದ್ದು ರಾಣಿಯ ಹೃದಯದಲ್ಲಿ.

ಈ ಕುಶಲಕರ್ಮಿಗಳ ಹಿಂದೆ ನಮ್ಮ ಧರ್ಮಸಭೆಯ ಚರಿತ್ರೆಯ ಒಂದು ಪುಟವೂ ಇದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ, ಕ್ರಿಸ್ತರ ಪವಿತ್ರ ಶರೀರದ ಹಬ್ಬದಂದು, ಕಸುಬುದಾರರ ಸಂಘಗಳು ಬೈಬಲಿನ ಕಥೆಗಳನ್ನು ಬೀದಿಯಲ್ಲಿ ಆಡುತ್ತಿದ್ದವು. ಯಾರ್ಕ್ ನಗರದಲ್ಲಿ ನೋವನ ನಾವೆಯನ್ನು ಕಟ್ಟುವ ಭಾಗ ಹಡಗು ಕಟ್ಟುವವರದು. ಕವೆಂಟ್ರಿಯಲ್ಲಿ ಕ್ರಿಸ್ತಜನನದ ನಾಟಕ ದರ್ಜಿಗಳೂ ಸೇರಿದ್ದ ಸಂಘದ್ದು. ಧಾರ್ಮಿಕ ಸುಧಾರಣೆಯ ಬಿರುಗಾಳಿಯಲ್ಲಿ ಕವೆಂಟ್ರಿಯ ನಾಟಕಗಳು 1579ರಲ್ಲಿ ನಿಂತುಹೋದವು. ಅಲ್ಲಿಂದ ಅಷ್ಟೇನೂ ದೂರವಲ್ಲದ ಸ್ಟ್ರಾಟ್‌ಫರ್ಡಿನಲ್ಲಿ ಷೇಕ್ಸ್‌ಪಿಯರ್ ಆಗ 15ರ ಹುಡುಗ. ಅವನು ಅವುಗಳನ್ನು ನೋಡಿರಬಹುದೆಂಬ ಊಹೆ ವಿದ್ವಾಂಸರಲ್ಲಿದೆ. ನೋಡಿದ್ದರೆ, ಬಾಟಮ್‌ನ ಬಗೆಗಿನ ನಗುವಿನಲ್ಲಿ ಇಷ್ಟೊಂದು ಅಕ್ಕರೆ ಬೆರೆತಿರುವುದು ಸೋಜಿಗವಲ್ಲ.

ಮುಂದೊಮ್ಮೆ ಈ ನಾಟಕವನ್ನು ಓದುವಾಗ ಇಲ್ಲವೇ ನೋಡುವಾಗ, ಬಾಟಮ್‌ನನ್ನು ಕಂಡು ಮನಸಾರೆ ನಗಿರಿ. ಲಾಂದ್ರ ಹಿಡಿದು ನಿಂತ ಆ ದರ್ಜಿಯ ಮುಖವನ್ನೂ ಒಂದು ಕ್ಷಣ ನೋಡಿರಿ.