ಕರಿ ಟ್ಯೂಬ್ ಇಲ್ಲದ ತರಗತಿ

ಗಂಟೆ ಹೊಡೆಯುವ ಮುಂಚೆಯೇ ಡ್ರಾಯಿಂಗ್ ಮೇಡಂ ನನ್ನ ಕೈಗೊಂದು ಖಾಲಿ ಬಿಸ್ಕತ್ ಡಬ್ಬಿ ಕೊಟ್ಟರು. "ಎಲ್ಲರ ಹತ್ರಾನೂ ಕಪ್ಪು, ಹಸಿರು ಟ್ಯೂಬ್ ಇಸ್ಕೊಂಡು ಬನ್ನಿ ಸರ್. ಆಮೇಲೆ ವಾಪಸ್ ಕೊಡೋಣ." ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರೌಢಶಾಲೆ, ಎಂಟನೇ ತರಗತಿ, 42 ಮಕ್ಕಳು. ವಾರವಾರ ಈ ಅಂಕಣದಲ್ಲಿ ಜಲವರ್ಣದ ಬಗ್ಗೆ ಬರೆಯುವ ನಾನು ಅಂದು ಅವರ ಸಹಾಯಕ.

ಕೊನೇ ಬೆಂಚಿನ ಹುಡುಗ ಟ್ಯೂಬನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ. "ಸಾರ್, ಕರೀದಿಲ್ದೆ ಕೂದ್ಲು ಹೆಂಗ್ ಬರೀಲಿ?"

ಮೇಡಂ ಬಾಯಲ್ಲಿ ಉತ್ತರ ಹೇಳಲಿಲ್ಲ. ಬಿಳಿ ತಟ್ಟೆಯ ಮೇಲೆ ಅಲ್ಟ್ರಾಮರೀನ್ ನೀಲಿ ಒಂದು ಚೂರು, ಬರ್ನ್ಟ್ ಸಿಯೆನ್ನಾ ಕಂದು ಒಂದು ಚೂರು ಹಾಕಿ ಅವನ ಕೈಯಿಂದಲೇ ಕಲಸಿಸಿದರು. ಎರಡೂ ಸೇರುತ್ತಿದ್ದ ಹಾಗೆ ಗಾಢವಾದ ಕತ್ತಲೆ ಬಂತು. ನೀರು ಬೆರೆಸಿದರೆ ಮಳೆಮೋಡದ ಬೂದು. ನೀಲಿ ಹೆಚ್ಚಾದರೆ ತಂಪು, ಕಂದು ಹೆಚ್ಚಾದರೆ ಬಿಸಿ. ಹುಡುಗ ಪಕ್ಕದವನ ತಲೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ. ಎಣ್ಣೆ ಹಚ್ಚಿದ ಕೂದಲಿನ ನೆತ್ತಿಯಲ್ಲಿ ನೀಲಿ ಹೊಳಪು, ಕಿವಿಯ ಬಳಿ ಕಂದು.

ಟ್ಯೂಬಿನ ಕಪ್ಪು ಸಾಮಾನ್ಯವಾಗಿ ಇಂಗಾಲ, ಅಂದರೆ ಮಸಿ. ಬಿದ್ದ ಬೆಳಕನ್ನು ಬಹುಪಾಲು ನುಂಗುತ್ತದೆ. ಬೆರೆಸಿದ ಕತ್ತಲೆಯೊಳಗಿಂದ ಕಾಗದದ ಬಿಳಿ ಇನ್ನೂ ಮಿಣುಕುತ್ತದೆ. ಅಲ್ಟ್ರಾಮರೀನ್‌ನ ಕಣಗಳು ಕಾಗದದ ಗುಳಿಗಳಲ್ಲಿ ತಂಗಿ ನವಿರಾದ ತರಿ ಮೂಡಿಸುತ್ತವೆ. ಬರ್ನ್ಟ್ ಸಿಯೆನ್ನಾ ಎಂದರೆ ಕಬ್ಬಿಣದ ಅಂಶವಿರುವ ಮಣ್ಣನ್ನು ಹುರಿದು ಮಾಡಿದ ಬಣ್ಣ. ನಮ್ಮ ಅಜ್ಜಿಯರು ಗೋಡೆಗೆ ಕಾರಣೆ ಎಳೆಯುತ್ತಿದ್ದ ಕೆಮ್ಮಣ್ಣಿನ ನೆಂಟ. ಪೆಟ್ಟಿಗೆಯಲ್ಲಿ ಒಂದೇ ಟ್ಯೂಬ್ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಮೈಸೂರಿನ ಆಸ್ಥಾನ ಕಲಾವಿದ ಕೆ. ವೆಂಕಟಪ್ಪ (1886–1965) ಅವರ ಊಟಿಯ ಜಲವರ್ಣಗಳ ಮುಂದೆ ನಿಂತಾಗಲೆಲ್ಲ ನಾನು ಹುಡುಕುವುದು ಇಂಥದೇ ಮಿಣುಕುವ ನೆರಳನ್ನು. ನೆರಳಿನಲ್ಲಿ ಗಾಳಿ ಆಡಬೇಕು. ಆಡದಿದ್ದರೆ ಬೆಟ್ಟ ಬೆಟ್ಟವಾಗುವುದಿಲ್ಲ.

ಹಸಿರಿನ ಪಾಠಕ್ಕೆ ಕಿಟಕಿಯಾಚೆಯ ಹೊಂಗೆಮರ ಸಾಕಾಯಿತು. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲಿ ತೆಂಗಿನಮರ ಎಂದು ಶುರುಮಾಡಿದ್ದವರನ್ನೆಲ್ಲ ಮೇಡಂ ಎಬ್ಬಿಸಿ ಕಿಟಕಿಗೆ ಕರೆದರು. "ಎಷ್ಟು ಹಸಿರಿದೆ, ಎಣಿಸ್ರಿ." ಆಗಷ್ಟೇ ಮಳೆ ನಿಂತಿತ್ತು. ಆಕಾಶಕ್ಕೆ ಮುಖ ಮಾಡಿದ ಎಲೆ ಬಹುಪಾಲು ನೀಲಿ, ಬೆಳಕು ತೂರಿಬಂದ ಎಲೆ ನಿಂಬೆಹಳದಿ. ಒಬ್ಬಳು ಏಳು ಎಂದಳು. ನನಗೆ ಐದೇ ಕಂಡವು.

ಪೀರಿಯಡ್‌ನ ಮುಕ್ಕಾಲು ಪಾಲು ನಾನು ಮಾಡಿದ್ದು ನೀರಿನ ಕೆಲಸ. ಕುಂಚ ತೊಳೆಯಲು ಒಂದು ಲೋಟ, ಬಣ್ಣಕ್ಕೆ ಬೆರೆಸಲು ಇನ್ನೊಂದು. ಮೊದಲಿನದು ರಾಡಿಯಾದ ತಕ್ಷಣ ಚೆಲ್ಲಿ ಬೇರೆ ತುಂಬಬೇಕು. ರಾಡಿ ನೀರಿನಲ್ಲಿ ಎಷ್ಟು ಒಳ್ಳೆಯ ಹಳದಿಯೂ ಸತ್ತುಹೋಗುತ್ತದೆ. ಲೋಟದಲ್ಲಿ ಕೂದಲು ಕೆಳಗಾಗಿ ನಿಲ್ಲಿಸಿದ್ದ ಕುಂಚಗಳನ್ನು ಎತ್ತಿ ಮಲಗಿಸುತ್ತಾ ಹೋದೆ. ಹಾಗೆ ಬಿಟ್ಟರೆ ತುದಿ ಬಾಗಿ, ಮತ್ತೆ ನೇರವಾಗುವುದು ಕಷ್ಟ.

ಪೀರಿಯಡ್ ಮುಗಿದಾಗ ಡಬ್ಬಿ ಹಿಡಿದು ಮತ್ತೆ ಹೊರಟೆ. ಏಳು ಹಸಿರು ಎಣಿಸಿದ್ದ ಹುಡುಗಿ ತನ್ನ ಕಪ್ಪು ಟ್ಯೂಬ್ ತೆಗೆದುಕೊಂಡಳು. ಇನ್ನೊಂದು ಕೈಯಲ್ಲಿ ಚಪ್ಪಟೆಯಾದ ಕಂದು ಟ್ಯೂಬ್.

"ಸಾರ್, ಈ ಕರೀದನ್ನ ಕೊಟ್ರೆ ಅಂಗಡೀಲಿ ಕಂದು ಕೊಡ್ತಾರಾ?"

ನನ್ನ ಚೀಲದಲ್ಲಿ ಅರ್ಧ ಉಳಿದ ಕಂದು ಟ್ಯೂಬ್ ಒಂದಿತ್ತು. ಕೊಟ್ಟೆ. ಅವಳ ಕಪ್ಪನ್ನು ಅವಳೇ ಇಟ್ಟುಕೊಂಡಳು, ತಮ್ಮನಿಗೆ ಬೇಕಂತೆ.