ಕಲ್ಲಿನ ಮೇಲಿನ ಬರಹ: ವಿಲ್ ಐಸ್ನರ್‌ನ ಚಿತ್ರಕಥೆಗಳಲ್ಲಿ ಪರನುಡಿಯ ದನಿ

ಅಮೆರಿಕದ ವಿಲ್ ಐಸ್ನರ್ (1917–2005) ಕಥೆಯನ್ನೂ ಚಿತ್ರವನ್ನೂ ತಾನೇ ರಚಿಸಿದವನು. ಆರು ದಶಕಗಳಿಗೂ ಮಿಕ್ಕ ಅವನ ಸಾಧನೆಯನ್ನು ಸಾಮಾನ್ಯವಾಗಿ ರೂಪದ ಬೆಳವಣಿಗೆಯಾಗಿ ವಿವರಿಸುತ್ತಾರೆ: ಪತ್ರಿಕೆಯ ಪುರವಣಿಯಿಂದ ಗ್ರಾಫಿಕ್ ಕಾದಂಬರಿಯವರೆಗೆ. ಅದೇ ಸಾಧನೆಯನ್ನು ಭಾಷೆಯ ಕಡೆಯಿಂದ ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಬಹುಸಂಖ್ಯಾತರ ಭಾಷೆಯಲ್ಲಿ ಬರೆಯುವಾತ ಅಲ್ಪಸಂಖ್ಯಾತರ ಮಾತಿನ ಧಾಟಿಯನ್ನು ಪುಟಕ್ಕೆ ತರುವುದು ಹೇಗೆ?

1940ರ ಜೂನ್ 2ರಂದು ಭಾನುವಾರದ ಪತ್ರಿಕೆಗಳೊಡನೆ ಹೊರಟ ‘ದಿ ಸ್ಪಿರಿಟ್’ 1952ರವರೆಗೆ ನಡೆಯಿತು. ಏಳೆಂಟು ಪುಟಗಳ ಮಿತಿಯಲ್ಲಿ ಮಳೆ, ನೆರಳು, ಕಟ್ಟಡಗಳೆಲ್ಲ ಕಥನದ ಅಂಗಗಳಾದವು. ಶೀರ್ಷಿಕೆಯ ಅಕ್ಷರಗಳೇ ಗೋಡೆಗಳಾಗಿ ನಿಂತವು. ಇಷ್ಟು ಸೂಕ್ಷ್ಮವಾದ ಕಣ್ಣು ನಾಯಕನ ಸಹಾಯಕ, ಕರಿಯ ಹುಡುಗ ಎಬೊನಿಯ ವಿಷಯದಲ್ಲಿ ಕುರುಡಾಯಿತು. ಅವನ ಉಬ್ಬಿದ ತುಟಿ, ಮುರುಕು ಇಂಗ್ಲಿಷು ಓದುಗರನ್ನು ನಗಿಸಲೆಂದೇ ಇದ್ದವು. ತಪ್ಪು ಇಂಗ್ಲಿಷು ಆ ಕಾಲದ ಹಾಸ್ಯದ ರೂಢಿಯಾಗಿತ್ತೆಂದು ಐಸ್ನರ್ ಮುಂದೆ ವಿವರಣೆ ಕೊಟ್ಟ. ವಿವರಣೆ ಚಾರಿತ್ರಿಕವಾಗಿ ನಿಜ. ಕಲೆಯ ಸಮರ್ಥನೆಯಾಗಿ ಸಾಲದು.

ಬಳಿಕ ಸೈನಿಕರಿಗೆ ಯಂತ್ರಗಳ ಪಾಲನೆ ಕಲಿಸುವ ಸಚಿತ್ರ ಪತ್ರಿಕೆಯಲ್ಲಿ ವರ್ಷಗಳನ್ನು ಕಳೆದ ಐಸ್ನರ್, 1978ರಲ್ಲಿ ‘ಎ ಕಾಂಟ್ರ್ಯಾಕ್ಟ್ ವಿತ್ ಗಾಡ್’ ಪ್ರಕಟಿಸಿದ. ಬ್ರಾಂಕ್ಸ್‌ನ ಡ್ರಾಪ್ಸಿ ಅವೆನ್ಯೂದ ಒಂದು ಬಾಡಿಗೆ ವಠಾರದ ನಾಲ್ಕು ಕಥೆಗಳವು. ಮೊದಲ ಕಥೆಯ ಫ್ರಿಮ್ಮೆ ಹರ್ಶ್ ಹುಡುಗನಾಗಿದ್ದಾಗ ದೇವರೊಡನೆ ಮಾಡಿಕೊಂಡ ಕರಾರನ್ನು ಕಲ್ಲಿನ ಮೇಲೆ ಬರೆದಿಟ್ಟುಕೊಂಡವನು. ಸಾಕುಮಗಳು ಸತ್ತಾಗ ಆ ಕಲ್ಲನ್ನು ಕಿಟಕಿಯಿಂದಾಚೆಗೆ ಎಸೆಯುತ್ತಾನೆ. 1970ರಲ್ಲಿ ತನ್ನ ಮಗಳನ್ನು ಕಳೆದುಕೊಂಡಿದ್ದ ಕಲಾವಿದನ ಸಂಕಟ ಇದರ ಹಿಂದಿದೆ.

ಇಲ್ಲಿ ವಲಸೆ ಬಂದ ಯಹೂದಿಗಳ ಇಂಗ್ಲಿಷಿಗೆ ಯಿಡ್ಡಿಷ್‌ನ ಬಾಗು ಉಂಟು. ಆದರೆ ಅದು ನಗೆಯ ಸರಕಲ್ಲ. ಮನುಷ್ಯರು ಪ್ರಾರ್ಥಿಸುವ, ಚೌಕಾಸಿ ಮಾಡುವ, ಗೋಳಿಡುವ ಮಾತು. ಶೀರ್ಷಿಕೆಯ ರೋಮನ್ ಅಕ್ಷರಗಳಿಗೂ ಶಿಲೆಯಲ್ಲಿ ಕೊರೆದ ಹೀಬ್ರೂ ಲಿಪಿಯ ಛಾಯೆಯಿದೆ. ಇಂಗ್ಲಿಷ್ ಓದುತ್ತಿರುವಾಗಲೇ ಅದರ ಹಿಂದಿನ ಇನ್ನೊಂದು ನುಡಿ ಕಣ್ಣಿಗೆ ಬೀಳುತ್ತದೆ. ಅನುವಾದಕ್ಕೆ ದಕ್ಕದ ದ್ವಿಭಾಷಿಕತೆಯನ್ನು ಚಿತ್ರಕಥೆ ಅಕ್ಷರದ ಆಕಾರದಲ್ಲೇ ಉಳಿಸಿಕೊಳ್ಳಬಲ್ಲದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

2003ರ ‘ಫೇಗಿನ್ ದ ಜ್ಯೂ’ ಈ ಎರಡು ಘಟ್ಟಗಳನ್ನು ಎದುರುಬದುರು ನಿಲ್ಲಿಸುತ್ತದೆ. ಡಿಕನ್ಸ್‌ನ ಪಾತ್ರ ಅಲ್ಲಿ ಸೆರೆಮನೆಯಲ್ಲಿ ಕುಳಿತು ತನ್ನ ಕರ್ತೃವಿಗೇ ತನ್ನ ಕಥೆ ಹೇಳುತ್ತಾನೆ. ಅದರ ಮುನ್ನುಡಿಯಲ್ಲಿ ಐಸ್ನರ್ ಎಬೊನಿಯನ್ನೂ ನೆನೆಯುತ್ತಾನೆ. ತನ್ನವರ ವಿಕೃತ ಚಿತ್ರಣವನ್ನು ಪ್ರಶ್ನಿಸಹೊರಟವನಿಗೆ ತಾನು ಬರೆದ ವಿಕೃತಿಯೂ ಎದುರಾಯಿತು. ಆದರೂ ಎಬೊನಿಗೆ ಫೇಗಿನ್‌ನಂತೆ ಪ್ರತಿವಾದ ಹೂಡುವ ಪುಸ್ತಕವೊಂದು ದೊರೆಯಲಿಲ್ಲ. ಐಸ್ನರ್‌ನ ನೈತಿಕ ಪಯಣದ ಮಿತಿ ಇದು.

ಕರಾವಳಿಯ ಹಾಗೂ ಬಡಗಣ ಕನ್ನಡದ ಧಾಟಿಗಳು ಜನಪ್ರಿಯ ಸಿನಿಮಾಗಳಲ್ಲಿ ಹಾಸ್ಯಪಾತ್ರಗಳ ಪಾಲಾಗುವುದನ್ನು ಕಂಡಿರುವ ಕಾಸರಗೋಡು, ಸೊಲ್ಲಾಪುರದ ಓದುಗರಿಗೆ ಈ ಮಿತಿ ಅಪರಿಚಿತವೇನಲ್ಲ. ನಮ್ಮ ಧಾಟಿಗೆ ಗೌರವ ಕೇಳುವಾಗ ನೆರೆಯ ಬುಡಕಟ್ಟುಗಳ, ಕೂಲಿಕಾರರ ಮಾತನ್ನು ನಾವು ಹೇಗೆ ಬರೆಯುತ್ತಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕಾಗುತ್ತದೆ.