ಚುನಾವಣಾ ಆಯುಕ್ತರನ್ನು ಆರಿಸುವವರು ಯಾರು?

ಚುನಾವಣೆ ಗೆದ್ದವರ ಹಬ್ಬ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಅದರ ನಿಜವಾದ ಪರೀಕ್ಷೆ ನಡೆಯುವುದು ಸೋತವರ ಮನೆಯಲ್ಲಿ. ಸೋತ ಅಭ್ಯರ್ಥಿಯೂ ಆತನಿಗೆ ಮತ ನೀಡಿದವರೂ 'ಜನ ನಮ್ಮನ್ನು ಒಪ್ಪಲಿಲ್ಲ' ಎಂದು ತಲೆಬಾಗಿದರೆ ಪ್ರಜಾಪ್ರಭುತ್ವ ಉಳಿಯುತ್ತದೆ. 'ಆಟ ಆಡಿಸಿದವರೇ ಎದುರಾಳಿಯ ಕಡೆಯವರು' ಎಂಬ ಸಂಶಯ ಅವರಲ್ಲಿ ಹುಟ್ಟಿಕೊಂಡರೆ, ಮತಯಂತ್ರಕ್ಕೆ ಎಷ್ಟು ಕಾವಲು ಹಾಕಿದರೂ ಪ್ರಯೋಜನವಿಲ್ಲ. 2023ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಚುನಾವಣಾ ಆಯುಕ್ತರ ನೇಮಕಾತಿ ಕಾಯ್ದೆಯನ್ನು ನಾವು ಓದಬೇಕಾದುದು ಈ ದೃಷ್ಟಿಯಿಂದ.

ಸಂವಿಧಾನದ 324ನೇ ವಿಧಿ ಚುನಾವಣೆಗಳ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ಸರಕಾರದ ಕೈಯಿಂದ ತೆಗೆದು ಆಯೋಗದ ಕೈಗೆ ಕೊಟ್ಟಿದೆ. ಆದರೆ ಆಯೋಗದಲ್ಲಿ ಕೂರುವವರನ್ನು ಆರಿಸುವವರು ಯಾರು? 1949ರ ಜೂನ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಶಿಬ್ಬನ್‌ಲಾಲ್ ಸಕ್ಸೇನಾ ಈ ಪ್ರಶ್ನೆ ಎತ್ತಿದರು. ರಾಷ್ಟ್ರಪತಿಗಳ ನೇಮಕ ಎಂದರೆ ವಾಸ್ತವದಲ್ಲಿ ಪ್ರಧಾನಿಯ ನೇಮಕ. ಆದ್ದರಿಂದ ಸಂಸತ್ತಿನ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕು ಎಂಬುದು ಅವರ ವಾದವಾಗಿತ್ತು. ಈ ಆತಂಕದಲ್ಲಿ ಹುರುಳಿದೆಯೆಂದು ಅಂಬೇಡ್ಕರ್ ಒಪ್ಪಿಕೊಂಡರು. ಸರಕಾರದ ಅಂಕೆಯಲ್ಲಿರುವ ವ್ಯಕ್ತಿ ಆ ಸ್ಥಾನಕ್ಕೆ ಬರದಂತೆ ತಡೆಯುವ ವ್ಯವಸ್ಥೆ ಕರಡಿನಲ್ಲಿ ಇಲ್ಲವೆಂಬುದನ್ನು ಅವರು ಮುಚ್ಚಿಡಲಿಲ್ಲ. ಕೊನೆಗೆ ನೇಮಕದ ಬಗ್ಗೆ ಕಾನೂನು ಮಾಡುವ ಅವಕಾಶವನ್ನು ಸಂಸತ್ತಿಗೆ ಬಿಡಲಾಯಿತು.

ಸಂಸತ್ತು ಆ ಕಾನೂನು ಮಾಡಲು 73 ವರ್ಷ ತೆಗೆದುಕೊಂಡಿತು. ಇದರ ಹೊಣೆ ಒಂದೇ ಪಕ್ಷದ್ದಲ್ಲ. 1989ರ ಅಕ್ಟೋಬರ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ರಾಜೀವ್ ಗಾಂಧಿ ಸರಕಾರ ಏಕಸದಸ್ಯ ಆಯೋಗಕ್ಕೆ ಇನ್ನಿಬ್ಬರನ್ನು ಸೇರಿಸಿತು. 1990ರ ಜನವರಿಯಲ್ಲಿ ವಿ.ಪಿ. ಸಿಂಗ್ ಸರಕಾರ ಅವರಿಬ್ಬರನ್ನೂ ಮನೆಗೆ ಕಳುಹಿಸಿತು. 1993ರಲ್ಲಿ, ಟಿ.ಎನ್. ಶೇಷನ್‌ರ ಬಿಗಿ ನಿಲುವು ಎಲ್ಲರಿಗೂ ಬಿಸಿ ಮುಟ್ಟಿಸುತ್ತಿದ್ದ ಕಾಲದಲ್ಲಿ, ನರಸಿಂಹ ರಾವ್ ಸರಕಾರ ಮತ್ತೆ ಇಬ್ಬರನ್ನು ತಂದು ಕೂರಿಸಿತು. ನೇಮಕಕ್ಕೆ ಮೊದಲು ಮುಖ್ಯ ನ್ಯಾಯಮೂರ್ತಿ ಹಾಗೂ ವಿರೋಧ ಪಕ್ಷದ ನಾಯಕರೊಡನೆ ಸಮಾಲೋಚಿಸಬೇಕೆಂದು 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. ಆ ಮಾತು ಕಡತದಲ್ಲೇ ಉಳಿಯಿತು.

ಸರಕಾರವೇ ನೇಮಿಸಿದರೂ ಆಯುಕ್ತರು ಸ್ವತಂತ್ರವಾಗಿ ನಡೆದುಕೊಂಡಿಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ನಡೆದುಕೊಂಡಿದ್ದಾರೆ. 2002ರ ಜುಲೈಯಲ್ಲಿ ಗುಜರಾತ್ ವಿಧಾನಸಭೆಯನ್ನು ವಿಸರ್ಜಿಸಿ ಬೇಗನೆ ಚುನಾವಣೆ ನಡೆಸಲು ಅಲ್ಲಿನ ಸರಕಾರ ಬಯಸಿತು. ಗಲಭೆಯಲ್ಲಿ ಮನೆ ಕಳಕೊಂಡವರು ಇನ್ನೂ ಊರಿಗೆ ಮರಳಿರಲಿಲ್ಲ. ಅವರ ಹೆಸರು ಯಾವ ಮತಗಟ್ಟೆಯ ಪಟ್ಟಿಯಲ್ಲಿರಬೇಕು? ಪಟ್ಟಿಯಲ್ಲಿದ್ದರೂ ಅವರು ಅಲ್ಲಿಗೆ ಹೋಗಿ ಮತ ಹಾಕುವುದಾದರೂ ಹೇಗೆ? ಜೆ.ಎಂ. ಲಿಂಗ್ಡೊ ನೇತೃತ್ವದ ಆಯೋಗ ಸ್ಥಳಕ್ಕೆ ಹೋಗಿ ನೋಡಿ, ಈಗ ಚುನಾವಣೆ ಸಾಧ್ಯವಿಲ್ಲ ಎಂದಿತು. ಲಿಂಗ್ಡೊ ಅವರ ಧರ್ಮವನ್ನು ಸಾರ್ವಜನಿಕ ಸಭೆಗಳಲ್ಲಿ ಎತ್ತಿ ಆಡಲಾಯಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆಯೋಗ ಜಗ್ಗಲಿಲ್ಲ, ಮತದಾನ ನಡೆದದ್ದು ಡಿಸೆಂಬರ್‌ನಲ್ಲಿ. ಅವರನ್ನು ಮುಖ್ಯ ಚುನಾವಣಾ ಆಯುಕ್ತರನ್ನಾಗಿ ಮಾಡಿದ್ದು ವಾಜಪೇಯಿ ಸರಕಾರವೇ ಎಂಬುದೂ ಗಮನಾರ್ಹ.

ಆದರೆ ಈ ಉದಾಹರಣೆ ಸಾಬೀತುಪಡಿಸುವುದು ವ್ಯವಸ್ಥೆಯ ಹಿರಿಮೆಯನ್ನಲ್ಲ, ವ್ಯಕ್ತಿಯ ಬೆನ್ನೆಲುಬನ್ನು. ನಿರಾಶ್ರಿತನೊಬ್ಬನ ಮತದಾನದ ಹಕ್ಕು ಆ ಹೊತ್ತಿಗೆ ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬ ಅದೃಷ್ಟದ ಮೇಲೆ ನಿಲ್ಲಬಾರದು. ಅದಕ್ಕಾಗಿಯೇ ಕಾನೂನು ಬೇಕಿತ್ತು.

2023ರ ಮಾರ್ಚ್ 2ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಕೊರತೆಯನ್ನು ತುಂಬಲು ಯತ್ನಿಸಿತು. ಸಂಸತ್ತು ಕಾನೂನು ಮಾಡುವ ತನಕ ಪ್ರಧಾನಿ, ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿ ಇರುವ ಸಮಿತಿಯ ಸಲಹೆಯಂತೆ ನೇಮಕ ನಡೆಯಬೇಕೆಂದು ಹೇಳಿತು. ಅದೇ ವರ್ಷ ಕಾನೂನು ಬಂತು. ಮುಖ್ಯ ನ್ಯಾಯಮೂರ್ತಿಯ ಜಾಗದಲ್ಲಿ ಪ್ರಧಾನಿಯೇ ನಾಮಕರಣ ಮಾಡುವ ಒಬ್ಬ ಕೇಂದ್ರ ಸಚಿವ ಬಂದು ಕೂತರು. ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಸಭೆ ಸೇರುವ ಮೊದಲೇ ತೀರ್ಮಾನ ಗೊತ್ತಿರುವ ಸಮಿತಿಯನ್ನು ಸಮಿತಿ ಎನ್ನುವುದಾದರೂ ಹೇಗೆ?

ಕಾಯ್ದೆಯ ಉಳಿದ ಕಲಮುಗಳನ್ನೂ ಓದಿ. ಹೆಸರುಗಳನ್ನು ಹುಡುಕುವ ಸಮಿತಿಗೆ ಕಾನೂನು ಸಚಿವರೇ ಅಧ್ಯಕ್ಷರು. ಆ ಸಮಿತಿ ಕೊಟ್ಟ ಪಟ್ಟಿಯ ಹೊರಗಿನವರನ್ನೂ ಆಯ್ಕೆ ಸಮಿತಿ ಪರಿಗಣಿಸಬಹುದು. ಆಯ್ಕೆ ಸಮಿತಿಯಲ್ಲಿ ಸ್ಥಾನ ಖಾಲಿ ಇದ್ದಮಾತ್ರಕ್ಕೆ ನೇಮಕ ಅಸಿಂಧುವಾಗದು. ಅಭ್ಯರ್ಥಿಗಳು ಕೇಂದ್ರ ಸರಕಾರದ ಕಾರ್ಯದರ್ಶಿಗೆ ಸಮಾನವಾದ ಹುದ್ದೆಯಲ್ಲಿ ಇರುವವರು ಅಥವಾ ಇದ್ದವರೇ ಆಗಿರಬೇಕು. ಜೀವಮಾನವಿಡೀ ಮಂತ್ರಿಗಳ ಆದೇಶ ಪಾಲಿಸಿದವರಿಂದಲೇ ಮಂತ್ರಿಗಳನ್ನು ಅಂಕೆಯಲ್ಲಿಡುವವರನ್ನು ಆರಿಸುವುದು ಎಂಥ ವಿಪರ್ಯಾಸ! ಕಾಯ್ದೆಯಲ್ಲಿ ಒಳ್ಳೆಯದೂ ಇಲ್ಲದಿಲ್ಲ. ಆಯುಕ್ತರ ದರ್ಜೆಯನ್ನು ಸಂಪುಟ ಕಾರ್ಯದರ್ಶಿಯ ಮಟ್ಟಕ್ಕೆ ಇಳಿಸುವ ಪ್ರಸ್ತಾಪ ಮೊದಲ ಮಸೂದೆಯಲ್ಲಿತ್ತು. ಆಕ್ಷೇಪಗಳ ಬಳಿಕ ಅದನ್ನು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಮಟ್ಟದಲ್ಲೇ ಉಳಿಸಲಾಯಿತು. ಆದರೆ ಬರುವ ಬಾಗಿಲನ್ನು ಸರಕಾರ ಕಾಯುತ್ತಿರುವಾಗ ಒಳಗಿನ ಆಸನ ಎತ್ತರವಾಗಿದ್ದರೆ ಸಾಕೇ?

ಕಾಯ್ದೆ ಜಾರಿಗೆ ಬಂದ ಮೇಲಿನ ಮೊದಲ ಸಭೆಯೇ ಇದಕ್ಕೆ ಸಾಕ್ಷಿ. 2024ರ ಮಾರ್ಚ್ 14ರಂದು, ಲೋಕಸಭಾ ಚುನಾವಣೆ ಘೋಷಣೆಯಾಗಲು ಎರಡು ದಿನ ಇರುವಾಗ, ಇಬ್ಬರು ಆಯುಕ್ತರನ್ನು ಆರಿಸಲಾಯಿತು. ಹಿಂದಿನ ರಾತ್ರಿ ತನಗೆ 212 ಹೆಸರುಗಳ ಪಟ್ಟಿ ತಲುಪಿತೆಂದೂ, ಆರು ಹೆಸರುಗಳ ಅಂತಿಮ ಪಟ್ಟಿ ಸಿಕ್ಕಿದ್ದು ಸಭೆಗೆ ಕೆಲವೇ ನಿಮಿಷ ಮೊದಲೆಂದೂ ಸಮಿತಿಯ ವಿರೋಧ ಪಕ್ಷದ ಸದಸ್ಯ ಅಧೀರ್ ರಂಜನ್ ಚೌಧರಿ ದೂರಿದರು. 2025ರ ಫೆಬ್ರವರಿಯಲ್ಲಿ ಮುಖ್ಯ ಆಯುಕ್ತರ ಆಯ್ಕೆಗೂ ವಿರೋಧ ಪಕ್ಷದ ನಾಯಕ ರಾಹುಲ್ ಗಾಂಧಿ ಭಿನ್ನಮತ ದಾಖಲಿಸಿದರು. ಎರಡೂ ಬಾರಿ ನೇಮಕಕ್ಕೆ ಅಡ್ಡಿಯಾಗಲಿಲ್ಲ. ಹೀಗೆ ಬಂದ ಆಯುಕ್ತರು ಅಪ್ರಾಮಾಣಿಕರೆಂದು ನಾವು ಹೇಳುತ್ತಿಲ್ಲ. ಪ್ರಾಮಾಣಿಕರಾಗಿದ್ದರೂ ಅವರನ್ನು ಸಂಶಯದ ನೆರಳಲ್ಲಿ ನಿಲ್ಲಿಸುವ ಕಾನೂನು ಅವರಿಗೇ ಮಾಡಿದ ಅನ್ಯಾಯ ಎಂಬುದು ನಮ್ಮ ವಾದ.

ಮುಖ್ಯ ನ್ಯಾಯಮೂರ್ತಿಯೇ ಸಮಿತಿಯಲ್ಲಿರಬೇಕೆಂಬ ಹಟ ನಮಗಿಲ್ಲ. ನ್ಯಾಯಾಲಯದ ಮುಂದೆ ನಾಳೆ ಬರುವ ವ್ಯಾಜ್ಯದಲ್ಲಿ ಅದು ತೊಡಕೂ ಆಗಬಹುದು. ಬೇಕಾಗಿರುವುದು ಯಾರ ಕಡೆಗೂ ಸೇರದ ಮೂರನೆಯವರು. ಇಲ್ಲವೇ ಸಕ್ಸೇನಾ ಅಂದು ಹೇಳಿದಂತೆ, ಸರಳ ಬಹುಮತವಿದ್ದ ಮಾತ್ರಕ್ಕೆ ಸರಕಾರವೊಂದೇ ತೀರ್ಮಾನಿಸಲಾಗದ ವ್ಯವಸ್ಥೆ. ಎದುರು ಪಕ್ಷವನ್ನೂ ಒಪ್ಪಿಸಬೇಕಾಗಿ ಬಂದಾಗ ಎರಡೂ ಕಡೆಯವರು ಗೌರವಿಸುವ ಹೆಸರನ್ನು ಹುಡುಕುವುದು ಅನಿವಾರ್ಯವಾಗುತ್ತದೆ.

ಅಧಿಕಾರದಲ್ಲಿರುವವರಿಗೆ ಈ ಕಾಯ್ದೆ ಅನುಕೂಲವಾಗಿ ಕಾಣುತ್ತದೆ, ಹೊರಗಿರುವವರಿಗೆ ಅನ್ಯಾಯವಾಗಿ. ಪಕ್ಷಗಳು ಸ್ಥಾನ ಬದಲಿಸಿದಾಗ ಅಭಿಪ್ರಾಯಗಳೂ ಬದಲಾದಾವು. ಬದಲಾಗದೆ ಉಳಿಯುವವನು ಮತದಾರ ಮಾತ್ರ. ಹಣವೂ ಸಂಖ್ಯಾಬಲವೂ ಇಲ್ಲದವನಿಗೆ, ಪಟ್ಟಿಯಲ್ಲಿ ತನ್ನ ಹೆಸರು ಇದೆಯೋ ಇಲ್ಲವೋ ಎಂದು ಪ್ರತಿ ಚುನಾವಣೆಗೂ ಅಂಜುವವನಿಗೆ, ಆಯೋಗದ ಹೊರತು ಬೇರೆ ಆಸರೆ ಇಲ್ಲ. ಇಂದು ಈ ಕಾಯ್ದೆಯನ್ನು ಟೀಕಿಸುವ ಪಕ್ಷಗಳು, ನಾಳೆ ಅಧಿಕಾರಕ್ಕೆ ಬಂದರೆ ಇದನ್ನು ತಿದ್ದುತ್ತೇವೆಂದು ತಮ್ಮ ಪ್ರಣಾಳಿಕೆಯಲ್ಲಿ ಬರೆದುಕೊಡಲಿ. ಮತ ಕೇಳಲು ಬಂದಾಗ ಆ ಭರವಸೆಯನ್ನು ನಾವೂ ಕೇಳಿ ಪಡೆಯೋಣ.